ಸ್ಯಾಂಕಿ ಸಾಹೇಬರ ಕಚೇರಿಯೂ ಕೆರೆಯೂ

ಬೆಂಗಳೂರಿನ ಬಡಗಣ ಭಾಗದಲ್ಲಿ ವಾಸಿಸುವವರಿಗೆ ಸ್ಯಾಂಕಿ ಎಂಬ ಹೆಸರು ದಿನವೂ ಕಿವಿಗೆ ಬೀಳುವಂಥದು. ಯಲಹಂಕ ಹೆಬ್ಬಾಳಗಳ ಕಡೆಯಿಂದ ಮೇಖ್ರಿ ವೃತ್ತವನ್ನು ದಾಟಿ ಊರೊಳಕ್ಕೆ ಬರುವವರಿಗೆ ಸ್ಯಾಂಕಿ ರಸ್ತೆ ಎದುರಾಗುತ್ತದೆ. ಯಶವಂತಪುರದಿಂದ ಮಲ್ಲೇಶ್ವರದ ಮಾರ್ಗವಾಗಿ ಬರುವವರಿಗೆ ಸ್ಯಾಂಕಿ ಕೆರೆಯ ಏರಿ ಸಿಗುತ್ತದೆ. ಬೆಳಗಿನ ತಂಪಿನಲ್ಲಿ ಆ ಏರಿಯ ಮೇಲೆ ನಡೆದಾಡುವ ನೂರಾರು ಮಂದಿಯಲ್ಲಿ ಆ ಹೆಸರಿನ ಹಿಂದೆ ನಿಂತಿರುವ ಮನುಷ್ಯನನ್ನು ನೆನೆಯುವವರು ವಿರಳ. ಹೈಕೋರ್ಟಿನ ಕೆಂಪು ಕಟ್ಟಡವನ್ನು ಕಂಡು ಮೆಚ್ಚುವವರಿಗೂ ಅದನ್ನು ಕಟ್ಟಿಸಿದವರೇ ಈ ಕೆರೆಗೆ ಹೆಸರು ಕೊಟ್ಟವರೆಂಬುದು ತಿಳಿದಿರುವುದು ಅಪರೂಪ. ಕಚೇರಿಯನ್ನೂ ಕೆರೆಯನ್ನೂ ಒಂದೇ ಕಣ್ಣಿನಿಂದ ನೋಡಬಲ್ಲ ಇಂಜಿನಿಯರು ಒಂದು ಊರಿಗೆ ದೊರೆಯುವುದು ಭಾಗ್ಯವೆಂದೇ ಹೇಳಬೇಕು. ಬೆಂಗಳೂರಿಗೆ ಅಂಥ ಭಾಗ್ಯ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಹದಿನಾರು ವರ್ಷಗಳ ಕಾಲ ಒದಗಿದ್ದಿತು.

ಇಂದು ಹೆಬ್ಬಾಳ, ನಾಗವಾರ, ಜಕ್ಕೂರುಗಳ ಸುತ್ತ ಕೆರೆಯ ನೋಟವನ್ನೇ ಬೆಲೆಕಟ್ಟಿ ಮಾರುವ ಹೊಸ ಕಚೇರಿಗಳು ಎದ್ದು ನಿಂತಿವೆ. ನೀರಿನ ಬದಿಯಲ್ಲಿ ಕಚೇರಿಯಿರಬೇಕು, ಅದರಲ್ಲಿ ಹೊಸ ಕಾಲದ ಸುಖವೂ ಇರಬೇಕು, ಹಳೆಯ ಕಾಲದ ಚೆಲುವೂ ಇರಬೇಕು ಎಂಬ ಆಸೆ ಅಸಹಜವಾದುದೇನೂ ಅಲ್ಲ. ಆದರೆ ನೀರಿಗೂ ಕಟ್ಟಡಕ್ಕೂ ಇರಬೇಕಾದ ಸಂಬಂಧವೇನು ಎಂಬ ಪ್ರಶ್ನೆಯನ್ನು ಯಾರನ್ನಾದರೂ ಕೇಳಬೇಕಾದರೆ ಸ್ಯಾಂಕಿಯವರ ಜೀವನವನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.

ರಿಚರ್ಡ್ ಹೈರಾಮ್ ಸ್ಯಾಂಕಿಯವರು ಹುಟ್ಟಿದುದು 1829ರಲ್ಲಿ, ಐರ್ಲೆಂಡಿನ ಟಿಪ್ಪರೇರಿ ಪ್ರಾಂತದಲ್ಲಿ. ಡಬ್ಲಿನ್ ನಗರದಲ್ಲಿ ಶಾಲೆಯ ಓದು ಮುಗಿಸಿ, ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರುಮಾಡುತ್ತಿದ್ದ ಆಡಿಸ್ಕೋಂಬ್ ವಿದ್ಯಾಲಯವನ್ನು ಸೇರಿದರು. ಲೆಕ್ಕ, ಕೋಟೆಗಳ ವಿದ್ಯೆ, ಭೂಮಾಪನ ಇವುಗಳ ನಡುವೆ ಅಲ್ಲಿ ಚಿತ್ರಕಲೆಯನ್ನೂ ಕಲಿಸುತ್ತಿದ್ದರು. ತರುಣ ಸ್ಯಾಂಕಿ ತಮ್ಮ ಚಿತ್ರಗಳಿಗಾಗಿ ಬೆಳ್ಳಿಯ ಪದಕವನ್ನು ಪಡೆದರು. ಮುಂದೆ ಅವರು ಮಾಡಿದ ಕೆಲಸಗಳಲ್ಲಿ ಕುಂಚದ ಕೈಯೂ ಸರಪಳಿಯ ಕೈಯೂ ಜೊತೆಯಾಗಿ ಕಾಣಿಸುವುದರ ಮೂಲ ಇಲ್ಲಿಯೇ ಇರಬೇಕು. 1846ರಲ್ಲಿ ಮದ್ರಾಸ್ ಇಂಜಿನಿಯರ್ಸ್ ದಳಕ್ಕೆ ನೇಮಕವಾಗಿ, 1848ರಲ್ಲಿ ಮದರಾಸಿನಲ್ಲಿ ಇಳಿದರು. ಆಗ ವಯಸ್ಸು ಹತ್ತೊಂಬತ್ತು.

ಮೊದಲ ಕೆಲವು ವರ್ಷ ನಾಗಪುರದಲ್ಲಿ ಕಳೆದವು. ಅಲ್ಲಿಯ ನೆಲವನ್ನು ಅಗೆಯುವ ಕೆಲಸದ ನಡುವೆ ಅವರು ಶಿಲೀಭೂತವಾದ ಪ್ರಾಚೀನ ಜೀವಗಳ ಅವಶೇಷಗಳನ್ನು ಕೂಡಿಹಾಕಿ, ಮಧ್ಯಭಾರತದ ಭೂಸ್ತರಗಳನ್ನು ಕುರಿತು ಲಂಡನ್ನಿನ ಭೂವಿಜ್ಞಾನ ಸಂಘಕ್ಕೆ ಪ್ರಬಂಧವನ್ನು ಕಳುಹಿಸಿದರು. 1857ರ ಹೋರಾಟ ಆರಂಭವಾದಾಗ ಕಂಪೆನಿಯ ಸೈನ್ಯದೊಡನೆ ಉತ್ತರಕ್ಕೆ ಹೋಗಿ, ನದಿಗಳಿಗೆ ಸೇತುವೆ ಹಾಕುವ ಕೆಲಸದಲ್ಲಿ ಹೆಸರು ಪಡೆದರು; ಲಕ್ನೋ ಮುತ್ತಿಗೆಯಲ್ಲಿಯೂ ಇದ್ದರು. ಆ ಯುದ್ಧದಲ್ಲಿ ಅವರು ಯಾರ ಪಕ್ಷದಲ್ಲಿದ್ದರೆಂಬುದನ್ನು ನಾವು ಮರೆಯಬೇಕಾಗಿಲ್ಲ. ಅವರು ಆಳುವವರ ಸೇವಕರಾಗಿ ಬಂದವರು, ಕೊನೆಯವರೆಗೂ ಹಾಗೆಯೇ ಇದ್ದವರು. ಆದರೆ ಮನುಷ್ಯನ ಕೈಯ ಕೆಲಸ ಅವನ ಒಡೆಯರಿಗಿಂತ ಹೆಚ್ಚು ಕಾಲ ಬಾಳುವುದುಂಟು.

1861ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಮುಖ್ಯ ಇಂಜಿನಿಯರರ ಸಹಾಯಕರಾಗಿ ಬಂದರು. ಮೂರು ವರ್ಷಗಳಲ್ಲಿ, ಎಂದರೆ 1864ರಲ್ಲಿ, ತಾವೇ ಮುಖ್ಯ ಇಂಜಿನಿಯರೂ ಚೀಫ್ ಕಮಿಷನರರ ಕಾರ್ಯದರ್ಶಿಯೂ ಆದರು. ಆಗ ಸಂಸ್ಥಾನವನ್ನು ಆಳುತ್ತಿದ್ದುದು ಬ್ರಿಟಿಷ್ ಕಮಿಷನ್ನು. ಬೌರಿಂಗ್ ಸಾಹೇಬರು ಚೀಫ್ ಕಮಿಷನರು. ಆಡಳಿತದ ಕಡತಗಳೆಲ್ಲ ಬೆಂಗಳೂರು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ತುಂಬಿದ್ದವು. ಮರದ ಕಂಬಗಳ, ಬಣ್ಣದ ಕಮಾನುಗಳ ಆ ಬೇಸಗೆಯ ಅರಮನೆ ದೊರೆಯೊಬ್ಬನ ವಿಹಾರಕ್ಕೆ ತಕ್ಕದ್ದಾಗಿದ್ದಿತೇ ಹೊರತು ದಿನವಿಡೀ ಬರೆಯುವ ಗುಮಾಸ್ತರಿಗೂ ಬೆಳೆಯುತ್ತಲೇ ಇದ್ದ ಕಡತಗಳಿಗೂ ತಕ್ಕದ್ದಾಗಿರಲಿಲ್ಲ. ಹೊಸ ಕಚೇರಿಯೊಂದು ಬೇಕಾಯಿತು. ಅದರ ಹೊಣೆ ಸ್ಯಾಂಕಿಯವರ ಮೇಲೆ ಬಿದ್ದಿತು.

ಪೇಟೆಗೂ ದಂಡಿಗೂ ನಡುವೆ, ಎತ್ತರವಾದ ಬಯಲು ನೆಲದಲ್ಲಿ 1864ರಲ್ಲಿ ಕೆಲಸ ಆರಂಭವಾಗಿ 1868ರಲ್ಲಿ ಮುಗಿಯಿತು. ಕಟ್ಟುವ ಗುತ್ತಿಗೆಯನ್ನು ವಹಿಸಿಕೊಂಡವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಐನೂರು ಅಡಿಗೂ ಮಿಕ್ಕ ಉದ್ದ, ಎರಡು ಅಂತಸ್ತು, ಇಟ್ಟಿಗೆ ಕಲ್ಲುಗಳ ಗೋಡೆ, ಅದಕ್ಕೆ ಕೆಂಪು ಬಣ್ಣ. ಹದಿನೆಂಟು ಇಲಾಖೆಗಳು ಅಲ್ಲಿಗೆ ಬಂದು ಕುಳಿತದ್ದರಿಂದ ಜನರು ಹಿಂದೂಸ್ತಾನಿಯ ಎಣಿಕೆಯಲ್ಲಿ ಅದನ್ನು ಅಠಾರಾ ಕಚೇರಿ ಎಂದು ಕರೆದರು. ಅದೇ ನಮ್ಮ ನಾಲಗೆಯಲ್ಲಿ ಅಟ್ಟಾರ ಕಚೇರಿಯಾಯಿತು.

ಈ ಕಟ್ಟಡದ ಮುಖವನ್ನು ನೋಡಿದರೆ ಅದು ಗ್ರೀಸ್ ರೋಮ್‌ಗಳ ದೇಗುಲಗಳಿಂದ ಎರವಲು ತಂದದ್ದೆಂದು ಯಾರಿಗಾದರೂ ತಿಳಿಯುತ್ತದೆ. ಸುರುಳಿಗಳುಳ್ಳ ಅಯೋನಿಕ್ ಬೋದಿಗೆಗಳು, ತ್ರಿಕೋಣದ ನೆತ್ತಿ, ಸಾಲಾಗಿ ನಿಂತ ಕಂಬಗಳು, ಎಲ್ಲವೂ ಸೀಮೆಯ ವಿದ್ಯಾಲಯದಲ್ಲಿ ಕಲಿತ ಪಾಠ. ಬೇಲೂರನ್ನೂ ಇಕ್ಕೇರಿಯನ್ನೂ ಕಂಡ ನಾಡಿನಲ್ಲಿ ಇಂಥ ಮುಖವೇಕೆ ಎಂಬ ಆಕ್ಷೇಪಣೆಗೆ ಬೆಲೆಯಿದೆ. ಕೆಂಗಲ್ ಹನುಮಂತಯ್ಯನವರು ಅದರ ಎದುರಿಗೇ ವಿಧಾನಸೌಧವನ್ನು ಎಬ್ಬಿಸಿದಾಗ ಆ ಆಕ್ಷೇಪಣೆಗೆ ಕಲ್ಲಿನಲ್ಲಿಯೇ ಉತ್ತರ ದೊರೆತಂತಾಯಿತು. 1956ರಲ್ಲಿ ಅದು ಮುಗಿದು ಸಚಿವಾಲಯ ಅಲ್ಲಿಗೆ ಹೋದ ಮೇಲೆ ಹಳೆಯ ಕಟ್ಟಡ ನ್ಯಾಯಾಲಯದ ಪಾಲಾಯಿತು.

ಆದರೆ ಮುಖವನ್ನು ಬಿಟ್ಟು ಮೈಯನ್ನು ನೋಡಬೇಕು. ಕಂಬಸಾಲಿನ ಹಿಂದೆ ಕಟ್ಟಡದ ಉದ್ದಕ್ಕೂ ಆಳವಾದ ಮೊಗಸಾಲೆಯಿದೆ. ಬಿಸಿಲು ಒಳಗಿನ ಗೋಡೆಯನ್ನು ನೇರವಾಗಿ ಮುಟ್ಟದು. ಮಳೆಯ ಎರಚಲು ಬಾಗಿಲಿನವರೆಗೆ ಬಾರದು. ದಪ್ಪ ಗೋಡೆಗಳು ಹಗಲಿನ ಕಾವನ್ನು ಸಂಜೆಯವರೆಗೆ ತಡೆದು ನಿಲ್ಲಿಸುತ್ತವೆ. ಸೂರು ಎತ್ತರವಾದ್ದರಿಂದ ಬಿಸಿಗಾಳಿ ತಲೆಯ ಮೇಲಕ್ಕೆ ಏರಿ ಹೋಗುತ್ತದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಜಗಲಿ ಮಾಡುವ ಕೆಲಸವನ್ನು ಇಲ್ಲಿ ಈ ಮೊಗಸಾಲೆ ಮಾಡುತ್ತದೆ: ಒಳಗೂ ಅಲ್ಲದ, ಹೊರಗೂ ಅಲ್ಲದ ಒಂದು ನೆರಳು. ಅರ್ಜಿ ಹಿಡಿದು ಬಂದ ರೈತ ಸಾಹೇಬರ ಕೋಣೆಯನ್ನು ಹೊಗದೆಯೇ ತಣ್ಣಗೆ ನಿಂತು ಕಾಯಬಹುದಾಗಿದ್ದಿತು. ವಿದ್ಯುತ್ತಿನ ಬೀಸಣಿಗೆಯ ಮಾತೇ ಇಲ್ಲದ ದಿನಗಳಲ್ಲಿ ನೂರಾರು ಜನರು ಕುಳಿತು ದುಡಿಯುವ ಸೌಕರ್ಯವನ್ನು ಗಾಳಿ ನೆರಳುಗಳಿಂದಲೇ ಒದಗಿಸಿದ್ದು ಸಾಮಾನ್ಯವಾದ ಜಾಣ್ಮೆಯಲ್ಲ. ಬಡಗಣ ಬೆಂಗಳೂರಿನ ಗಾಜಿನ ಗೋಪುರಗಳು ಪಡುವಣದ ಬಿಸಿಲನ್ನು ಗಾಜಿನೊಳಗೆ ಬಿಟ್ಟುಕೊಂಡು, ಆಮೇಲೆ ಅದನ್ನು ಹೊರದೂಡಲು ದಿನವಿಡೀ ಯಂತ್ರ ತಿರುಗಿಸುವುದನ್ನು ನೋಡಿದರೆ ಈ ಮಾತು ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ಕಟ್ಟಡವನ್ನು ಮುಗಿಸಿ ಸ್ಯಾಂಕಿಯವರು ಅಲ್ಲಿಗೇ ನಿಲ್ಲಲಿಲ್ಲ. ಅದರ ಮುಂದಣ ಬಯಲಿನಲ್ಲಿ 1870ರಲ್ಲಿ ಉದ್ಯಾನವೊಂದನ್ನು ಹಾಕಿಸಿದರು. ಅದೇ ಇಂದಿನ ಕಬ್ಬನ್ ಪಾರ್ಕು. ಮೊದಲಿಗೆ ಅದು ಸುಮಾರು 100 ಎಕರೆಯಷ್ಟಿದ್ದು ಆಮೇಲೆ ಬೆಳೆದು ಹರಡಿತು. ಆ ಉದ್ಯಾನದ ತೆಂಕಣ ಅಂಚಿನಾಚೆ ಆಗ ಸಂಪಂಗಿ ಕೆರೆಯಿದ್ದಿತು. ಎಂದರೆ ಬಡಗಣ ತುದಿಯ ಎತ್ತರದಲ್ಲಿ ಕಚೇರಿ, ತೆಂಕಣ ತಗ್ಗಿನಲ್ಲಿ ಕೆರೆ, ಎರಡರ ನಡುವೆ ಮರಗಳ ಸಾಲು. ಇದು ನಮ್ಮ ಹಳ್ಳಿಗಳ ಪದ್ಧತಿಗೆ ತೀರ ಹತ್ತಿರದ್ದೆಂಬುದನ್ನು ಗಮನಿಸಬೇಕು. ಹಳ್ಳಿಯವನು ಕೆರೆಯ ಹತ್ತಿರ ಮನೆ ಕಟ್ಟಿದನೇ ಹೊರತು ಕೆರೆಯಂಗಳದಲ್ಲಿ ಕಟ್ಟಲಿಲ್ಲ. ಊರಿಗೂ ನೀರಿಗೂ ನಡುವೆ ಒಂದು ಗುಂಡುತೋಪು, ಒಂದಿಷ್ಟು ಗೋಮಾಳ, ಏರಿಯ ಮೇಲೊಂದು ದೇವತೆಯ ಗುಡಿ ಇರುತ್ತಿದ್ದವು. ಮಳೆಗಾಲದಲ್ಲಿ ಕೆರೆ ಮೈಚಾಚಿಕೊಳ್ಳಲು ಅಷ್ಟು ಜಾಗವನ್ನು ಬಿಟ್ಟುಕೊಡುವುದು ಶಾಸ್ತ್ರವೂ ಆಗಿದ್ದಿತು, ವಿವೇಕವೂ ಆಗಿದ್ದಿತು. ಸಂಪಂಗಿ ಕೆರೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಬತ್ತಿಸಿ ಕಂಠೀರವ ಕ್ರೀಡಾಂಗಣವನ್ನು ಮಾಡಿದರು. ಕರಗದ ಪೂಜೆಗೆಂದು ಉಳಿಸಿಕೊಂಡ ಒಂದು ಸಣ್ಣ ಹೊಂಡ ಮಾತ್ರ ಆ ಕೆರೆಯ ಗುರುತಾಗಿ ಉಳಿಯಿತು.

ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡವೂ ಸ್ಯಾಂಕಿಯವರದೇ. 1877ರ ಹೊತ್ತಿಗೆ ಅದು ಸಿದ್ಧವಾಯಿತು. ಆದರೆ ಅವರ ಹಿರಿಮೆಗೆ ಕಟ್ಟಡಗಳೇ ಮುಖ್ಯ ಸಾಕ್ಷಿಯೆಂದು ನನಗೆ ತೋರುವುದಿಲ್ಲ. ಕಣ್ಣಿಗೆ ಕಾಣದ ಕೆಲಸವೊಂದನ್ನು ಅವರು ಮಾಡಿದರು. ಅದು ಕೆರೆಗಳ ಲೆಕ್ಕ.

ಮೈಸೂರು ಸೀಮೆಯಲ್ಲಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಕೆರೆಕಟ್ಟೆಗಳಿದ್ದವು. ಇವನ್ನು ಒಂದೊಂದಾಗಿ ನೋಡಿದವರು ಬಹಳ ಮಂದಿ. ಹೆಣೆದ ಸರಪಳಿಯಂತೆ ನೋಡಿದವರು ಕಡಮೆ. ಮೇಲಣ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಣ ಕೆರೆಗೆ ಬರುತ್ತದೆ. ಅದು ತುಂಬಿದರೆ ಅದರ ಕೆಳಗಣದಕ್ಕೆ. ಯಲಹಂಕದ ಕೆರೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ. ಹೆಬ್ಬಾಳದ್ದು ನಾಗವಾರಕ್ಕೆ, ಅಲ್ಲಿಂದ ಕಲ್ಕೆರೆಗೆ, ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಈ ಸಾಲಿನಲ್ಲಿ ಒಂದು ಕೆರೆಯ ಏರಿ ಒಡೆದರೆ ಆ ಪ್ರವಾಹ ಕೆಳಗಣ ಏರಿಯ ಮೇಲೆ ಬೀಳುತ್ತದೆ. ಅದೂ ಒಡೆದರೆ ಮುಂದಿನದು. ಮೇಲೆ ಯಾರೋ ಹೊಸ ಕೆರೆ ಕಟ್ಟಿದರೆ ಕೆಳಗಣ ಊರಿನ ಅಚ್ಚುಕಟ್ಟು ಒಣಗುತ್ತದೆ. ಹಳ್ಳಿಯ ನೀರುಗಂಟಿಗೆ ತನ್ನ ತೂಬು ಗೊತ್ತು, ತನ್ನ ಕೋಡಿ ಗೊತ್ತು. ಇಡೀ ಕಣಿವೆಯ ಲೆಕ್ಕ ಇಡುವುದು ಅವನ ಕೆಲಸವಾಗಿರಲಿಲ್ಲ. ಮುರಿದದ್ದನ್ನು ಮುರಿದಲ್ಲಿ ತೇಪೆ ಹಾಕುವುದೇ ಸರ್ಕಾರದ ಮರಾಮತ್ತಿನ ರೀತಿಯಾಗಿದ್ದಿತು.

ಸ್ಯಾಂಕಿಯವರು ಇದಕ್ಕೆಂದೇ ನೀರಾವರಿಯ ಒಂದು ವಿಭಾಗವನ್ನು ಹುಟ್ಟುಹಾಕಿದರು. ಒಂದೊಂದು ಕಣಿವೆಯನ್ನೂ ಅಳೆಯಿಸಿ, ಅದರಲ್ಲಿ ಎಷ್ಟು ನೆಲದ ಮಳೆ ಯಾವ ಕೆರೆಗೆ ಹರಿದು ಬರುತ್ತದೆಂಬುದನ್ನು ಗೊತ್ತುಮಾಡಿ, ಕೆರೆಗಳ ಗಾತ್ರವನ್ನೂ ಸಂಖ್ಯೆಯನ್ನೂ ಅದಕ್ಕೆ ಹೊಂದಿಸುವುದು ಆ ವಿಭಾಗದ ಕ್ರಮ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯದೆ ಕೆರೆಯನ್ನು ಮುಟ್ಟಕೂಡದೆಂಬುದೇ ಇದರ ತಿರುಳು. 1866ರ ಸುಮಾರಿಗೆ ಅವರು ಸರ್ಕಾರಕ್ಕೆ ಬರೆದ ವರದಿಯ ಸಾರ ಇಂದಿಗೂ ಓದತಕ್ಕದ್ದು. ಸಂಸ್ಥಾನದ 27 ಸಾವಿರ ಚದರ ಮೈಲಿಗಳಲ್ಲಿ ನೂರಕ್ಕೆ ಅರವತ್ತು ಪಾಲು ನೆಲವನ್ನು ಇಲ್ಲಿಯ ಜನರು ತಮ್ಮ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಯೊಳಕ್ಕೆ ತಂದಿದ್ದಾರೆಂದೂ, ಹೊಸ ಕೆರೆಗೆ ಒಂದು ಜಾಗವನ್ನು ಹುಡುಕಬೇಕಾದರೆ ಜಾಣತನವೇ ಬೇಕಾದೀತೆಂದೂ, ಹೊಸದನ್ನು ಕಟ್ಟಿದರೆ ಅದು ಕೆಳಗಿನವರ ಹಕ್ಕನ್ನು ಕಸಿಯುವುದು ಬಹುಮಟ್ಟಿಗೆ ಖಂಡಿತವೆಂದೂ ಅವರು ತಿಳಿಸಿದರು. ಈ ನೆಲದವರಿಗೆ ತಾನು ಹೊಸದಾಗಿ ಕಲಿಸಬೇಕಾದುದು ಅಷ್ಟಾಗಿ ಇಲ್ಲ, ಇದ್ದುದನ್ನು ಕಾಪಾಡುವುದೇ ತನ್ನ ಕೆಲಸ ಎಂಬುದನ್ನು ಒಬ್ಬ ವಿಜೇತ ಜನಾಂಗದ ಅಧಿಕಾರಿ ಒಪ್ಪಿಕೊಂಡದ್ದು ಅಲ್ಪವಾದ ವಿಷಯವಲ್ಲ.

ಈ ವಿದ್ಯೆಯ ಕೀರ್ತಿ ಸಮುದ್ರದಾಚೆಗೂ ಹಬ್ಬಿತು. 1870ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಸರ್ಕಾರ ತನ್ನ ನೀರು ಸರಬರಾಜಿನ ಕಾಮಗಾರಿಗಳ ವಿಚಾರಣೆಗೆ ಅವರನ್ನು ಕರೆಯಿಸಿಕೊಂಡಿತು. ಮೈಸೂರಿನ ಕೆರೆಗಳಲ್ಲಿ ಪಳಗಿದ ಕಣ್ಣು ಏಳು ತಿಂಗಳ ಕಾಲ ಅಲ್ಲಿಯ ಜಲಾಶಯಗಳನ್ನು ನೋಡಿಬಂದಿತು.

ಆದರೆ ಕಣಿವೆಗಳನ್ನು ಅಳೆದು ಮುಗಿಸುವುದಕ್ಕೆ ಮುನ್ನವೇ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಆ ಬರವನ್ನು ನಮ್ಮ ಹಿರಿಯರು ಬಹುಕಾಲ ಮರೆಯಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿದ್ದಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಹೂಳು ತುಂಬಿದ ಕೆರೆ ಅರ್ಧ ಮಳೆಯನ್ನೂ ಹಿಡಿದಿಡಲಾರದು. ಮಳೆಯೇ ಇಲ್ಲದಾಗ ಹೊಳೆಯಂತೆ ಅಗೆದ ಕೆರೆಯೂ ಬರಿಯ ಹಳ್ಳ. ಇಂಜಿನಿಯರಿಯ ವಿದ್ಯೆಗೆ ಮಿತಿಯಿದೆ. ಆಡಳಿತದ ಆಲಸ್ಯಕ್ಕೆ ಆ ಮಿತಿಯನ್ನು ನೆಪವಾಗಿ ಒಡ್ಡುವುದು ಮಾತ್ರ ನ್ಯಾಯವಲ್ಲ. ಕೆರೆಗಳ ಮರಾಮತ್ತು ಇನ್ನೂ ಇಪ್ಪತ್ತು ವರ್ಷ ಮುಂಚೆ, ಇನ್ನೂ ಹೆಚ್ಚು ಹಣದೊಡನೆ ಆರಂಭವಾಗಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದುವೋ ಎಂಬ ಪ್ರಶ್ನೆ ಓದುವವರನ್ನು ಕಾಡದೆ ಬಿಡದು. ಬರ ತೀವ್ರವಾಗಿದ್ದ 1877ರಲ್ಲಿಯೇ ಸ್ಯಾಂಕಿಯವರಿಗೆ ಸಿಮ್ಲಾಕ್ಕೆ ವರ್ಗವಾಯಿತು. ಅವರು ಮೈಸೂರನ್ನು ಬಿಟ್ಟರು.

ಮುಂದಿನ ವರ್ಷ ಆಫ್ಘಾನಿಸ್ತಾನದ ಯುದ್ಧ. ಕಾಂದಹಾರಿಗೆ ಹೊರಟ ಸೈನ್ಯದ ಇಂಜಿನಿಯರುಗಳಿಗೆ ಅವರು ಮುಖ್ಯಸ್ಥರಾಗಿದ್ದು, ಕಣಿವೆಯ ದಾರಿಗಳನ್ನು ಮುಂದಾಗಿ ನೋಡಿಬಂದು ಹೇಳುವ ಕೆಲಸ ಮಾಡಿದರು. ಬಳಿಕ ಮದರಾಸಿನಲ್ಲಿ ಲೋಕೋಪಯೋಗಿ ಇಲಾಖೆಯ ಕಾರ್ಯದರ್ಶಿಯಾಗಿ ಐದು ವರ್ಷ. ಮದರಾಸಿನ ಸಮುದ್ರದ ದಂಡೆಯಲ್ಲಿ ಮರೀನಾ ಎಂಬ ವಿಹಾರಪಥ ರೂಪುಗೊಂಡದ್ದು ಈ ಕಾಲದಲ್ಲಿಯೇ; ಅದರಲ್ಲಿ ಅವರ ಕೈಯೂ ಇದ್ದಿತು. ಅಲ್ಲಿಯೂ ನೀರಿನಂಚಿಗೆ ಮೊದಲು ಬಂದದ್ದು ಎಲ್ಲರೂ ನಡೆಯಬಹುದಾದ ದಾರಿ.

ಅವರು ಮದರಾಸಿನಲ್ಲಿದ್ದಾಗಲೇ, 1882ರಲ್ಲಿ, ಬೆಂಗಳೂರಿನಲ್ಲಿ ಅವರ ಹೆಸರಿನ ಕೆರೆ ಸಿದ್ಧವಾಯಿತು. ಅಷ್ಟುಹೊತ್ತಿಗೆ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದು ಒಂದು ವರ್ಷವಾಗಿದ್ದಿತು. ಬರದಲ್ಲಿ ಕುಡಿಯುವ ನೀರಿಗೂ ಪರದಾಡಿದ್ದ ಊರಿಗೆ ಇನ್ನೊಮ್ಮೆ ಹಾಗಾಗದಿರಲೆಂದು ಧರ್ಮಾಂಬುಧಿ ಕೆರೆಯನ್ನೂ ಮಿಲ್ಲರ್ ಕೆರೆಯನ್ನೂ ಇದಕ್ಕೆ ಜೋಡಿಸಿದ್ದರು. ಸುಮಾರು 37 ಎಕರೆಯ ಈ ಕೆರೆಯ ಬಳಿ ಸರ್ಕಾರದ ಶ್ರೀಗಂಧದ ಉಗ್ರಾಣವಿದ್ದುದರಿಂದ ಇದಕ್ಕೆ ಗಂಧದಕೋಠಿ ಕೆರೆ ಎಂಬ ಹೆಸರೂ ಇದ್ದಿತು. ಹೊಸ ಕೆರೆಗೆ ಜಾಗ ಸಿಗುವುದೇ ಕಷ್ಟವೆಂದು ಬರೆದವರ ಹೆಸರೇ ಹೊಸ ಕೆರೆಯೊಂದಕ್ಕೆ ಅಂಟಿಕೊಂಡದ್ದು ವಿಧಿಯ ಸಣ್ಣ ವಿನೋದ. ಆದರೆ ಇದರಲ್ಲಿ ವಿರೋಧವೇನೂ ಇಲ್ಲ. ಇದು ಒಂಟಿಯಾಗಿ ಕಟ್ಟಿದ ಕೆರೆಯಲ್ಲ, ಬೇರೆ ಎರಡರೊಡನೆ ಕೂಡಿಸಿ ಎಣಿಸಿದ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದ ಮೇಲೆ ಇದರ ಅವಶ್ಯಕತೆ ಕುಗ್ಗಿತು. ಧರ್ಮಾಂಬುಧಿ ಬಸ್ಸುಗಳ ನಿಲ್ದಾಣವಾಯಿತು. ಮಿಲ್ಲರ್ ಕೆರೆ ರಸ್ತೆಯ ಹೆಸರಿನಲ್ಲಿ ಮಾತ್ರ ಉಳಿಯಿತು. ಮೂರರಲ್ಲಿ ನೀರು ಉಳಿದುದು ಸ್ಯಾಂಕಿ ಕೆರೆಯಲ್ಲಿ ಮಾತ್ರ.

ಅವರು ಅಳೆಯಿಸಲು ತೊಡಗಿದ ಕಣಿವೆಗಳ ಪಾಡನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಹೆಬ್ಬಾಳ ನಾಗವಾರಗಳ ಸಾಲಿನಲ್ಲಿ ರಾಜಕಾಲುವೆಗಳು ಕಿರಿದಾದವು, ಕೆರೆಯಂಗಳಗಳು ನಿವೇಶನಗಳಾದವು. ಕೆರೆಯಂಚಿನಿಂದ 75 ಮೀಟರು ಜಾಗವನ್ನು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆಜ್ಞೆ ಮಾಡಿತು. ನಗರಯೋಜನೆಯ ಕಾನೂನಿನಲ್ಲಿದ್ದುದನ್ನು ಹೀಗೆ ಮೀರಲಾಗದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. 2024ರ ಅಕ್ಟೋಬರಿನ ಮಳೆಯಲ್ಲಿ ನಾಗವಾರದ ಬಳಿಯ ದೊಡ್ಡ ತಂತ್ರಜ್ಞಾನ ಕಚೇರಿಗಳ ಆವರಣ ಜಲಾವೃತವಾಗಿ ಸಾವಿರಾರು ಜನರು ಹೊರಬರಲಾರದೆ ನಿಂತರು. ನೀರು ದಾರಿ ತಪ್ಪಿ ಬಂದಿತೆಂದು ಹಲವರು ಅಂದುಕೊಂಡರು. ಆ ಕಣಿವೆಯಲ್ಲಿ ನೀರಿಗೆ ಇದ್ದ ದಾರಿ ಅದೊಂದೇ. ಅದೇ ಊರಿನ ಎತ್ತರದ ನೆಲದಲ್ಲಿ ಮರಗಳ ಹಿಂದೆ ನಿಂತ ಅಟ್ಟಾರ ಕಚೇರಿಗೆ ಒಂದೂವರೆ ಶತಮಾನದಲ್ಲಿ ಬಂದೊದಗಿದ ಅಪಾಯ ನೀರಿನದಲ್ಲ. 1980ರ ದಶಕದಲ್ಲಿ ಅದನ್ನು ಕೆಡವಿ ಹೊಸದನ್ನು ಕಟ್ಟುವ ಯೋಚನೆ ನಡೆದಿದ್ದಿತು. ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡದ ಅಳಿವು ಉಳಿವಿನ ವಾದ ಆ ಕಟ್ಟಡದೊಳಗೇ ನಡೆಯಿತು. ಅದು ಉಳಿಯಿತು.

ಸ್ಯಾಂಕಿಯವರು 1884ರಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಯೊಡನೆ ಸೈನ್ಯದಿಂದ ನಿವೃತ್ತರಾಗಿ ತಾಯ್ನಾಡಿನ ಸೇವೆಗೆ ನಿಂತರು. ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾಗಿ 1896ರವರೆಗೆ ದುಡಿದರು. 1892ರಲ್ಲಿ ಅವರಿಗೆ ಸರ್ ಬಿರುದು ಬಂದಿತು. ವಿಶ್ರಾಂತಿಯ ದಿನಗಳಲ್ಲಿಯೂ ನೀರಿನ ನಂಟು ಬಿಡಲಿಲ್ಲ. ಮೆಕ್ಸಿಕೋ ದೇಶದ ನೀರಿನ ಯೋಜನೆಗಳನ್ನು ಪರೀಕ್ಷಿಸಲು ಅಷ್ಟು ದೂರ ಹೋಗಿಬಂದರು. 1908ರ ನವೆಂಬರ್ 11ರಂದು ಲಂಡನ್ನಿನ ತಮ್ಮ ಮನೆಯಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಹಠಾತ್ತನೆ ತೀರಿಕೊಂಡರು. ಇಂಗ್ಲೆಂಡಿನ ತೆಂಕಣ ಕಡಲ ತೀರದ ಹೋವ್ ಎಂಬ ಊರಿನಲ್ಲಿ ಅವರನ್ನು ಮಣ್ಣುಮಾಡಿದರು.